ಮದ್ದು ಹಾಕಿದ್ದು ನಾನು

ಆ ವೀಡಿಯೊ ಕತ್ತರಿಸಿದ್ದು ನಾನು.

ಆಲೆಮನೆಯ ಕೊಪ್ಪರಿಗೆಯ ಮುಂದೆ ನಿಂತ ವಯಸ್ಸಾದ ಹೆಂಗಸೊಬ್ಬರು "ಮದ್ದಾಕ್ದೆ ಬೆಲ್ಲ ಆಗಲ್ಲ ಕಣವ್ವ" ಎಂದು ನಗುತ್ತಾರೆ. ಆಮೇಲೆ ಮಡಕೆಯಿಂದ ಲೋಳೆಲೋಳೆಯಾದದ್ದೇನನ್ನೋ ಕುದಿಯುವ ಕಬ್ಬಿನ ಹಾಲಿಗೆ ಸುರಿಯುತ್ತಾರೆ. ಮೇಲೆ ಕೆಂಪು ಅಕ್ಷರ: "ಬೆಲ್ಲಕ್ಕೆ ಮದ್ದು — ಒಪ್ಪಿಕೊಂಡ ಅಜ್ಜಿ!" ಈ ರೀಲ್ ನಿಮ್ಮ ಫೋನಿಗೂ ಬಂದಿರಬಹುದು. ಬಂದಿದ್ದರೆ ನೀವೂ ಇನ್ನು ನಾಲ್ಕು ಜನಕ್ಕೆ ಕಳಿಸಿರುತ್ತೀರಿ. ಅದನ್ನು ಚಿತ್ರಿಸಿದವಳು ನಾನು. ಆ ಕೆಂಪು ಅಕ್ಷರ ಬರೆದವಳೂ ನಾನೇ. ಎರಡು ವರ್ಷ ಇದನ್ನು ಯಾರಿಗೂ ಹೇಳಿರಲಿಲ್ಲ.

ಅವರನ್ನು ಇಲ್ಲಿ ಸಣ್ಣಮ್ಮ ಎಂದು ಕರೆಯುತ್ತೇನೆ. ಅದು ಅವರ ಹೆಸರಲ್ಲ. ಊರನ್ನೂ ಹೇಳುವುದಿಲ್ಲ. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ದಾರಿಯಲ್ಲಿ ಎಲ್ಲೋ ಒಂದು ಕಡೆ — ಅಷ್ಟು ಸಾಕು. ಫೋನ್ ಹಿಡಿದು ಹೊರಡುವವರಿಗೆ ಮತ್ತೊಮ್ಮೆ ದಾರಿ ತೋರಿಸುವಷ್ಟು ನಾಚಿಕೆಗೆಟ್ಟವಳಲ್ಲ, ಈಗ.

ಮಂಡ್ಯದ ಒಂದು ಪ್ರಚಾರದ ಆಫೀಸಿನಲ್ಲಿ ನಾನು ಕೆಲಸಕ್ಕಿದ್ದೆ. ಅಂಗಡಿ, ಆಸ್ಪತ್ರೆ, ಸೀರೆ, ಸೈಟು — ಎಲ್ಲದಕ್ಕೂ ರೀಲ್ ಮಾಡಿಕೊಡುವುದು ನಮ್ಮ ಕಸುಬು. ಆಗ ಗಾಜಿನ ಜಾಡಿಯಲ್ಲಿ ಬೆಲ್ಲದ ಪುಡಿ ತುಂಬಿ ಮಾರುವ ಕಂಪನಿಯೊಂದು ನಮ್ಮ ಬಳಿ ಬಂತು. ನಮ್ಮ ಮಾಲೀಕ ಬಾಗಿಲು ಹಾಕಿಕೊಂಡು ನನಗೆ ಹೇಳಿದ್ದು ಇಷ್ಟೇ: "ಜಾಡಿ ಮೇಲೆ ನಂಬ್ಕೆ ಬರ್ಸೋದು ಕಷ್ಟ ಕಣಮ್ಮ. ಅಚ್ಚು ಬೆಲ್ಲದ ಮೇಲೆ ಅನುಮಾನ ಬರ್ಸೋದು ಸುಲ್ಬ." ಮಿಕ್ಕದ್ದು ಯಾವುದನ್ನೂ ಅವನು ಹೇಳಿಕೊಡಲಿಲ್ಲ. ಮಿಕ್ಕದ್ದೆಲ್ಲ ನನ್ನ ಬುದ್ಧಿಯೇ — ಅವನ ಮೇಲೆ ಎತ್ತಿಹಾಕಿ ನಾನು ಜಾರಿಕೊಳ್ಳುವಂತಿಲ್ಲ.

ಒಂದು ಬೆಳಿಗ್ಗೆ ಸಣ್ಣಮ್ಮನ ಆಲೆಮನೆಗೆ ಹೋದೆ. "ಹಳ್ಳಿ ಬೆಲ್ಲದ ಬಗ್ಗೆ ವೀಡಿಯೊ ಮಾಡ್ತೀವಿ ದೊಡ್ಡವ್ವ, ಎಲ್ರಿಗೂ ಗೊತ್ತಾಗ್ಲಿ" ಎಂದೆ. ಅವರು ಸೆರಗು ಸರಿಮಾಡಿಕೊಂಡು, ಬೇರೆ ಸೀರೆ ಉಟ್ಟುಕೊಂಡು ಬರಲೇ ಎಂದು ಕೇಳಿದರು. ಬೇಡ, ಹೀಗೇ ಚೆನ್ನಾಗಿದೆ ಎಂದೆ. ಗಾಣ ತಿರುಗುತ್ತಿತ್ತು. ಪಾಕದ ಹದ ನೋಡುವುದು ಅವರೇ — ಒಂದು ತೊಟ್ಟನ್ನು ನೀರಿಗೆ ಬಿಟ್ಟು, ಬೆರಳಲ್ಲಿ ಉರುಳಿಸಿ, "ಈಗ ಇಳ್ಸಿ" ಎಂದರೆ ಮಗನೂ ಆಳುಗಳೂ ಕೊಪ್ಪರಿಗೆ ಇಳಿಸಬೇಕು. ಮದುವೆಯಾಗಿ ಬಂದಾಗಿನಿಂದ ಅವರು ಮಾಡಿದ ಕೆಲಸ ಅದು. ಸುತ್ತ ಏಳು ಹಳ್ಳಿಯವರು ಅವರ ಕೈಯ ಬೆಲ್ಲವೆಂದೇ ಕೇಳಿ ಒಯ್ಯುತ್ತಿದ್ದರು.

ಆಲೆಮನೆಗೆ ಬಂದವರನ್ನು ಬರಿಬಾಯಲ್ಲಿ ಕಳಿಸುವ ಪದ್ಧತಿ ನಮ್ಮ ಕಡೆ ಇಲ್ಲ. ನನಗೂ ಕಬ್ಬಿನ ಎಲೆಯ ಮೇಲೆ ಬಿಸಿ ಬೆಲ್ಲ ಹಾಕಿಕೊಟ್ಟರು. ತಿಂದೆ. ಮತ್ತೆ ಕೇಳಿದೆ — ಹೌದು, ನಾನೇ ಬಾಯಿಬಿಟ್ಟು ಕೇಳಿ ಎರಡನೇ ಸಲ ಈಸಿಕೊಂಡು ತಿಂದೆ. ಆಮೇಲೆ ಫೋನಿನ ಕ್ಯಾಮೆರಾ ಹಿಡಿದು, ಆ ಮಡಕೆಯಲ್ಲಿ ಏನಿದೆ ದೊಡ್ಡವ್ವ ಎಂದು ಕೇಳಿದೆ.

ಅವರು ಹೇಳಿದ ಪೂರ್ತಿ ಮಾತು ಇದು: "ಮದ್ದಾಕ್ದೆ ಬೆಲ್ಲ ಆಗಲ್ಲ ಕಣವ್ವ. ಕಬ್ಬಿನಾಲಲ್ಲಿ ಕೊಳೆ ಇರ್ತದಲ್ಲ, ಅದು ಮೇಕ್ ಬರ್ಬೇಕು. ಅದ್ಕೆ ಈ ಬೆಂಡೆ ಗಿಡ ಜಜ್ಜಿ ಲೋಳೆ ಬುಡೋದು. ಇದೇ ನಮ್ ಮದ್ದು. ಬಣ್ಣ ಬರ್ಸೋ ಅಂಗ್ಡಿ ಪುಡಿ ಒಂದ್ ಚಿಟ್ಕೆನೂ ನಮ್ ಕೊಪ್ಪರ್ಗೆಗೆ ಬಿದ್ದಿಲ್ಲ, ನಮ್ಮಪ್ಪನಾಣೆಗೂ."

ಮೊದಲ ವಾಕ್ಯವನ್ನು ಇಟ್ಟುಕೊಂಡೆ. ಮಿಕ್ಕದ್ದನ್ನು ಎಸೆದೆ.

ಆಫೀಸಿನ ಬೇರೆ ಯಾರಾದರೂ ಕತ್ತರಿಸಿದ್ದರೆ ಅರ್ಥ ತಿಳಿಯದೆ ಮಾಡಿದರು ಎನ್ನಬಹುದಿತ್ತು. ನಾನು ಮದ್ದೂರಿನವಳು. ಕೆಮ್ಮಿಗೂ ಮದ್ದು, ಬೆಳೆಗೂ ಮದ್ದು, ಪಟಾಕಿಗೂ ಮದ್ದು ಎನ್ನುವ ಜನರ ನಡುವೆ ಬೆಳೆದವಳು. ಇನ್ನೊಂದು ಅರ್ಥವೂ ನನಗೆ ಗೊತ್ತಿತ್ತು — ಕೆಡುಕು ಮಾಡಲು ಅನ್ನದಲ್ಲಿ ಮದ್ದಿಕ್ಕುವುದು. ಒಬ್ಬ ಹೆಂಗಸಿನ ಮೇಲೆ ಆ ಮಾತು ಬಂದರೆ ಆಮೇಲೆ ಅವಳ ಮನೆಯಲ್ಲಿ ಯಾರೂ ನೀರು ಮುಟ್ಟುವುದಿಲ್ಲ. ಆ ಪದ ನಮ್ಮ ಜನಕ್ಕೆ ಎಲ್ಲಿ ತಾಗುತ್ತದೆ ಎಂದು ಗೊತ್ತಿದ್ದೇ, ಅಲ್ಲಿಗೇ ಗುರಿಯಿಟ್ಟು ಹೊಡೆದೆ. ಉಂಡ ಮನೆಗೆ ಎರಡು ಬಗೆಯುವುದು ಅಂತಾರಲ್ಲ — ನಾನು ಬಾಯಿಯ ಸಿಹಿ ಆರುವ ಮುಂಚೆಯೇ ಬಗೆದೆ.

ಜಾಡಿಯ ಹೆಸರು ಆ ರೀಲಿನಲ್ಲಿ ಎಲ್ಲೂ ಇರಲಿಲ್ಲ. ನಾವೇ ನಡೆಸುತ್ತಿದ್ದ ಒಂದು ಆರೋಗ್ಯ ಸಲಹೆಯ ಪೇಜಿನಲ್ಲಿ ಮೊದಲು ಅದನ್ನು ಬಿಟ್ಟೆವು. ಜನ ಹೆದರುವುದಕ್ಕೆ ಎರಡು ದಿನ ಬಿಟ್ಟು, ಆಮೇಲೆ ಜಾಡಿಯ ಜಾಹೀರಾತು ಬಿಟ್ಟೆವು. ಹೆದರಿಸುವವರೂ ನಾವೇ, ಧೈರ್ಯ ಹೇಳುವವರೂ ನಾವೇ. ಇದಕ್ಕೆ ನಮ್ಮ ಆಫೀಸಿನಲ್ಲಿ ಕೇಕ್ ಕತ್ತರಿಸಿದರು. ಮೊದಲ ತುಂಡು ನನ್ನ ಬಾಯಿಗೆ.

ಮೂರನೇ ದಿನ ಅದು ಎಲ್ಲಿಂದ ತಿರುಗಿ ಬಂತು ಗೊತ್ತೆ? ನನ್ನ ಅಮ್ಮನಿಂದ. ಪ್ರೈಮರಿ ಶಾಲೆಯಲ್ಲಿ ಮೇಡಂ ಆಗಿದ್ದವರು, ಮಕ್ಕಳಿಗೆ "ಕೇಳಿದ್ದನ್ನೆಲ್ಲ ನಂಬಬೇಡಿ" ಎಂದು ಹೇಳುತ್ತಿದ್ದವರು. ನಮ್ಮ ಮನೆಯ ಗ್ರೂಪಿಗೆ ಅದನ್ನು ಕಳಿಸಿ ನನಗೆ ಫೋನ್ ಮಾಡಿದರು. "ನೋಡೇ, ಎಂಥಾ ಜನ! ಇನ್ಮೇಲೆ ಮನೆಗೆ ಅಚ್ಚು ಬೆಲ್ಲ ತರ್ಬೇಡ." ನಾನು — ಹೂಂ ಎಂದೆ. ಅಷ್ಟೇ ಎಂದೆ. ಅಮ್ಮನ ಅಡುಗೆಮನೆಗೆ ಆ ಜಾಡಿ ಬಂತು.

ಸಿಟ್ಟು ಬರುತ್ತದೆ ನನಗೆ. ನಿಮ್ಮ ಮೇಲೂ ಬರುತ್ತದೆ, ಹೇಳಿಬಿಡುತ್ತೇನೆ. ಆಲೆಮನೆ ನಿಮ್ಮ ಮನೆಯಿಂದ ಅರ್ಧ ಗಂಟೆಯ ದಾರಿ. ಒಬ್ಬರಾದರೂ ಬೈಕ್ ಹತ್ತಿ ಹೋಗಿ, "ಯಾವ ಮದ್ದವ್ವ ಅದು?" ಎಂದು ಕೇಳಬಹುದಿತ್ತು. ಹೋದವರು ಹೋದರು — ಅವರೂ ವೀಡಿಯೊ ಮಾಡಲು ಫೋನ್ ಎತ್ತಿಕೊಂಡೇ ಹೋದರು. ಹುಟ್ಟಿದಾಗಿನಿಂದ ತಿಂದ ಬೆಲ್ಲಕ್ಕಿಂತ ನನ್ನ ಹದಿನೆಂಟು ಸೆಕೆಂಡು ನಿಮಗೆ ದೊಡ್ಡದಾಯಿತೆ? ಆದರೆ ನಿಮ್ಮನ್ನು ಬೈದು ನನ್ನ ಪಾಲನ್ನು ಕಡಿಮೆ ಮಾಡಿಕೊಳ್ಳುತ್ತಿಲ್ಲ. ನೀವು ನಂಬುತ್ತೀರಿ ಎಂದು ಗೊತ್ತಿದ್ದೇ ಮಾಡಿದವಳು ನಾನು.

ಹೋದ ವರ್ಷ ಮಳವಳ್ಳಿಯಲ್ಲಿ ನೆಂಟರ ಮದುವೆ. ಛತ್ರದ ಮೂಲೆಯ ಕುರ್ಚಿಯಲ್ಲಿ ಸಣ್ಣಮ್ಮ ಕೂತಿದ್ದರು, ಹೆಣ್ಣಿನ ಕಡೆಯವರಂತೆ. ಎಲೆಗೆ ಸುಣ್ಣ ಹಚ್ಚಿ, ಅಡಿಕೆ ಇಟ್ಟು ಮಡಿಚಿ, ಪಕ್ಕದಲ್ಲಿ ಕೂತಿದ್ದ ಹೆಂಗಸಿನತ್ತ ಚಾಚಿದರು. ಆಕೆ "ನಂಗ್ ಬ್ಯಾಡ" ಎಂದು ಎದ್ದು ಬೇರೆ ಸಾಲಿಗೆ ಹೋದಳು. ಚಾಚಿದ ಕೈ ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಅವರೇ ಆ ಎಲೆಯನ್ನು ಬಾಯಿಗೆ ಹಾಕಿಕೊಂಡರು. ನನ್ನ ಚಿಕ್ಕಪ್ಪನ ಮಗಳು ಕಿವಿಯಲ್ಲಿ ಪಿಸುಗುಟ್ಟಿದಳು: "ಅದೇ ಕಣೇ, ರೀಲ್ಸ್ ಅಜ್ಜಿ. ಮದ್ದಮ್ಮ ಅಂತರೆ. ಅದ್ರ ಕೈಲಿ ಏನೂ ಈಸ್ಕೋಬ್ಯಾಡ."

ಬೆಲ್ಲದ ಮೇಲೆ ಬರಿಸಿದ ಅನುಮಾನ ಅವರ ಕೈಗೆ ಹತ್ತಿಕೊಂಡಿತ್ತು. ನಾನು ಅಲ್ಲೇ ಎದ್ದು ನಿಂತು ಹೇಳಬೇಕಿತ್ತು. ಮೈಕ್ ಕೂಡ ಇತ್ತು. ಊಟದ ಎರಡನೇ ಪಂಕ್ತಿಗೆ ಕೂತೆ, ಒಬ್ಬಟ್ಟು ಬಡಿಸಿಕೊಂಡೆ, ತಿಂದೆ.

ಕೆಲಸ ಬಿಟ್ಟದ್ದು ಅದಾದ ಮೇಲೆ. ಅದೇನೂ ದೊಡ್ಡ ತ್ಯಾಗವಲ್ಲ, ಬೇರೆ ಕೆಲಸ ಸಿಕ್ಕಿದ ಮೇಲೇ ಬಿಟ್ಟೆ. ನನ್ನ ಹಳೆಯ ಫೋನಿನಲ್ಲಿ ಪೂರ್ತಿ ವೀಡಿಯೊ ಉಳಿದಿತ್ತು. ಕಳೆದ ತಿಂಗಳು ಅದನ್ನು ನನ್ನ ಹೆಸರಲ್ಲೇ ಹಾಕಿದೆ, ಕತ್ತರಿಸಿದ್ದು ನಾನು ಎಂದು ಬರೆದೂ ಹಾಕಿದೆ. ನೋಡಿದವರು ಬೆರಳೆಣಿಕೆ. ನಿಜ ಸಪ್ಪೆಯಾಗಿರುತ್ತದೆ ಎಂದು ನನಗೆ ಆಫೀಸಿನಲ್ಲೇ ಕಲಿಸಿದ್ದರು. ಅಮ್ಮನ ಎದುರು ಕೂತು ಹೇಳಿದೆ. ಅವರು ಜಾಡಿಯನ್ನು ಎತ್ತಿ ಹೊರಗಿಟ್ಟು ಬಂದರು.

ಅದಾದ ಮೇಲೆ ಸಣ್ಣಮ್ಮನ ಹತ್ತಿರ ಹೋದೆ.

ಗಾಣದ ಮುಂದೆ ಒಂದು ಫ್ಲೆಕ್ಸ್ ಕಟ್ಟಿದ್ದರು: "ನಮ್ಮಲ್ಲಿ ಯಾವುದೇ ಮದ್ದು ಹಾಕುವುದಿಲ್ಲ." ಕೊಪ್ಪರಿಗೆಯ ಹತ್ತಿರ ಮಗ ಇದ್ದ. ಬೆಲ್ಲ ಚಿನ್ನದ ಬಣ್ಣದಲ್ಲಿ ಹೊಳೆಯುತ್ತಿತ್ತು. ಸಣ್ಣಮ್ಮ ಅಲ್ಲಿರಲಿಲ್ಲ. ಹಿಂದೆ, ಒಣಹಾಕಿದ ಕಬ್ಬಿನ ಸಿಪ್ಪೆಯ ರಾಶಿಯ ಮರೆಯಲ್ಲಿ ಕೂತಿದ್ದರು. ಅಮ್ಮ ಕಂಡರೆ ಗಿರಾಕಿ ನಿಲ್ಲುವುದಿಲ್ಲವೆಂದು ಮಗನೇ ಅಲ್ಲಿ ಕೂರಿಸಿದ್ದ.

ನಿಂತುಕೊಂಡೇ ಎಲ್ಲ ಹೇಳಿದೆ. ಅವರು ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದರು.

"ಎರಡ್ ಸತಿ ಬಿಸಿಬೆಲ್ಲ ಈಸ್ಕಂಡ್ ತಿಂದೋಳು ನೀನೇ ಅಲ್ವಾ?"

"ಹೂಂ ದೊಡ್ಡವ್ವ."

"ತಿಂದ್ ಮೇಲೂ ಅಂಗ್ ಮಾಡ್ದಾ?"

ಅವರು ಬೈದಿದ್ದರೆ, ಸಿಪ್ಪೆ ತೆಗೆದು ಹೊಡೆದಿದ್ದರೆ — ಇಲ್ಲ. ಆ ಪ್ರಶ್ನೆಯ ಉತ್ತರಕ್ಕೆ ಕಾಯುತ್ತಾ ಕೂತರು. ನಾನು ಹಳೇ ಪದ್ಧತಿಯಂತೆ ಕೈ ಚಾಚಿ, "ಒಂದು ಚೂರು ಬೆಲ್ಲ ಕೊಡಿ ದೊಡ್ಡವ್ವ, ನಿಮ್ಮ ಕೈಯಿಂದಲೇ" ಎಂದೆ. ಅದನ್ನು ಹೊರಗೆ ಒಯ್ದು ಗಿರಾಕಿಗಳ ಮುಂದೆ ತಿನ್ನಬೇಕು ಅಂದುಕೊಂಡಿದ್ದೆ.

"ಬ್ಯಾಡ ಕಣವ್ವ," ಎಂದರು. ಮಗನ ಕಡೆ ನೋಡಿ ದನಿ ತಗ್ಗಿಸಿದರು. "ಬೆಂಡೆ ಲೋಳೆ ಬುಟ್ರೆ ಬಂದೋರು ಫೋನ್ ತಗೀತರೆ. ಬೆಲ್ಲ ಕಪ್ಪಗಿದ್ರೂ ಮದ್ದು ಅಂತರೆ. ಅದ್ಕೆ ಈಗ ಇವ್ನು ಅಂಗ್ಡಿ ಪುಡಿ ಆಕ್ತನೆ. ಅದು ಯಾರ್ ಕಣ್ಗೂ ಕಾಣಾಕಿಲ್ಲ, ಬಣ್ಣನೂ ಬತ್ತದೆ. ಈಗ ಇದ್ರಲ್ಲಿ ಮದ್ದದೆ. ನೀ ತಿನ್ಬ್ಯಾಡ."

ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ. ನನ್ನ ಸುಳ್ಳು ಅಲ್ಲಿ ಅಚ್ಚಿನಲ್ಲಿ ಆರುತ್ತಿತ್ತು.

ಪೂರ್ತಿ ವೀಡಿಯೊ ಇಟ್ಟುಕೊಂಡು ಈಗ ನಾನೇ ಒಂದೊಂದು ಮನೆಗೆ ಹೋಗುತ್ತಿದ್ದೇನೆ. ಮೊದಲು ಹೋದದ್ದು ಆ ಚಿಕ್ಕಪ್ಪನ ಮಗಳ ಮನೆಗೆ. ಎಲೆ ಬೇಡವೆಂದು ಎದ್ದುಹೋದ ಹೆಂಗಸಿನ ವಿಳಾಸ ಹುಡುಕುತ್ತಿದ್ದೇನೆ. ಇದರಿಂದ ಸಣ್ಣಮ್ಮ ಮತ್ತೆ ಕೊಪ್ಪರಿಗೆಯ ಮುಂದೆ ನಿಲ್ಲುತ್ತಾರೆಯೇ — ಗೊತ್ತಿಲ್ಲ. ಆದರೆ ಆ ಹೆಸರು ಅವರದಲ್ಲ. ಮದ್ದಮ್ಮ ಎಂದು ಯಾರನ್ನಾದರೂ ಕರೆಯಲೇಬೇಕಿದ್ದರೆ ನನ್ನನ್ನು ಕರೆಯಿರಿ. ಓ ಎನ್ನುತ್ತೇನೆ.