ಯಂತ್ರದ ಹಣೆಗೆ ವಿಭೂತಿ

ನಮ್ಮ ಮನೆಯ ದೇವರ ಜಗಲಿಯ ಮೇಲೊಂದು ಹಿತ್ತಾಳೆ ಬಟ್ಟಲು, ಅದರಲ್ಲಿ ಸವೆದು ಸವೆದು ಬೆಣ್ಣೆಬಿಸ್ಕತ್ತಿನಷ್ಟಾದ ವಿಭೂತಿಗಟ್ಟಿ. ಮುಂಜಾನೆ ಮೂರು ಬೆರಳು ಹಣೆಗೆಳೆಯದಿದ್ದರೆ ನಲ್ಲಿಗೆ ನೀರು ಬಾರದು, ಬಸ್ಸು ನಿಲ್ಲದು ಎಂದು ನಂಬಿದವರ ಪೈಕಿ ನಾನು. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಅರ್ಧದಾರಿಯಿಂದ ಮರಳಿ, ಹೊರಟ ಮೇಲೆ ಬೀಗ ಹಾಕಿದೆನೋ ಇಲ್ಲವೋ ಎಂದು ಮತ್ತೆ ಮರಳುವವನ ಚಿಂತೆಗೆ ನೀವು ನಗಬಹುದು, ಮಿತ್ರರೇ. ಆದರೆ ಅದೇ ಚಿಂತೆ ಒಬ್ಬಳ ಅನ್ನಕ್ಕೆ ಬೂದಿ ಎರಚಿತು.

ರಾಯಚೂರಿನ ಒಂದು ಅಕ್ಕಿ ಗಿರಣಿಯಲ್ಲಿ ನಾನು ಸೂಪರ್‌ವೈಸರ್. ಹೋದ ವರ್ಷ ಅಲ್ಲಿಗೊಂದು ಜಾಣ ಯಂತ್ರ ಬಂತು. ಗಾಜಿನ ಹಿಂದೆ ಕ್ಯಾಮೆರಾ ಇಟ್ಟುಕೊಂಡು, ಜಾರುವ ಒಂದೊಂದು ಕಾಳನ್ನೂ ನೋಡಿ, ಕರಿಕಾಳನ್ನು ಉಫ್ಫೆಂದು ಊದಿ ಹೊರಗಟ್ಟಿ, ಗಿರಣಿಯ ಸಾವ್ಕಾರರ ಮೊಬೈಲಿಗೆ ಚಾಡಿ ಮುಟ್ಟಿಸುತ್ತದೆ. ಅದರ ಕೋಣೆಯ ಬಾಗಿಲೂ ಅಷ್ಟೇ ಜಾಣ: ಕಾರ್ಡು ತೋರಿಸಿದರಷ್ಟೇ ತೆರೆದು, ತೆರೆದವರ ಹೆಸರು ಬರೆದಿಟ್ಟುಕೊಳ್ಳುತ್ತದೆ. ಮೊರ ಹಿಡಿದು ಅಕ್ಕಿ ಹಸನು ಮಾಡುತ್ತಿದ್ದ ಹೆಂಗಸರೆಲ್ಲ ಮನೆಗೆ ಹೋದರು. ಯಂತ್ರ ಒರೆಸಲು ಉಳಿದವಳು ಮಸರಕಲ್ ಊರಿನ ಹುಲಿಗೆಮ್ಮ ಒಬ್ಬಳೇ. ಮಗಳ ಬಿ.ಎಡ್. ಮುಗಿಯುವತನಕ ಈ ಕೆಲಸವೊಂದು ನಿಂತರೆ ಸಾಕೆಂದು ದಿನವೂ ಹೇಳುವವಳು.

ಅಮಾವಾಸ್ಯೆಗೆ ಗಿರಣಿಯ ಯಂತ್ರಗಳಿಗೆಲ್ಲ ಪೂಜೆ. ಹಾಗೊಂದು ಅಮಾವಾಸ್ಯೆಯಂದು ಸಾವ್ಕಾರರು ಮಾನ್ವಿಯ ಬೀಗರ ಮನೆಯಲ್ಲಿದ್ದರು. ನನ್ನ ಎರಡೂ ಕೈಯಲ್ಲಿ ಪೂಜೆಯ ತಾಟು, ಕಾರ್ಡು ಜೇಬಿನಲ್ಲಿ. "ಯವ್ವಾ, ಒಂದೀಟು ಬಾಗ್ಲಾ ತಗೀಬೇ" ಎಂದು ಹುಲಿಗೆಮ್ಮನಿಗೆ ಹೇಳಿದೆ. ತನ್ನ ಕಾರ್ಡಿನಿಂದ ಬಾಗಿಲು ತೆಗೆದು ಆಕೆ ನೀರು ತರಲು ಹೋದಳು. ಹೊಸ ಯಂತ್ರಕ್ಕೆ ದೃಷ್ಟಿಯಾದೀತೆಂಬ ದಿಗಿಲು ನನಗೆ. ಅದರ ಹಣೆ ಎಲ್ಲಿದೆಯೆಂದು ಹುಡುಕಿದೆ, ಗಾಜು ಹೊಳೆಯಿತು, ಮೂರು ಬೆರಳು ಅಡ್ಡ ಎಳೆದೆ, ಸಾಲದೆಂದು ಇನ್ನೊಮ್ಮೆ ಎಳೆದೆ. ಗುಂಡಿ ಒತ್ತಿದ್ದೇ ತಡ, ಮಲ್ಲಿಗೆಯಂಥ ಅಕ್ಕಿಯನ್ನೆಲ್ಲ ಕೆಟ್ಟದ್ದೆಂದು ಯಂತ್ರ ಉಗಿಯತೊಡಗಿತು, ಮಾನ್ವಿಯಲ್ಲಿ ಮೊಬೈಲು ಚೀರಿತು.

ಸಾವ್ಕಾರರು ಬಂದವರೇ ಹುಲಿಗೆಮ್ಮನನ್ನು ಕರೆದರು.

"ಗಾಜಿಗೆ ಏನ್ ಬಳದೀಬೇ?"

"ನಾವು ಬುದ್ಧನ ಮನಿಯವರ್ರೀ, ಈಬತ್ತಿ ಎಲ್ಲಿಂದ ತರ್ಲಿ? ನಿಮ್ಮ ಪೂಜಿ ತಾಟಿಗೆ ನನ್ನ ಕೈ ಹತ್ತಿದ್ರ ನೀವ ಸುಮ್ಮ ಬಿಡ್ತಿದ್ರೇನು?"

"ಬಾಗ್ಲದಾಗ ನಿನ್ನ ಹೆಸರ ಅದ. ಅದು ಸುಳ್ಳ ಹೇಳ್ತದೇನು?"

ಆಕೆ ನನ್ನತ್ತ ನೋಡಿದಳು. ನನ್ನ ನಾಲಗೆ ಒಂದು ಗಳಿಗೆ ನನ್ನ ಕೆಲಸದ ಚಿಂತೆಯನ್ನೇ ಚಪ್ಪರಿಸುತ್ತ ಕೂತಿತು. ಆ ಗಳಿಗೆಯನ್ನು ನಾನಿನ್ನೂ ಕ್ಷಮಿಸಿಕೊಂಡಿಲ್ಲ. ಆಮೇಲೆ, "ಹಚ್ಚಿದಾಂವ ನಾನರೀ" ಎಂದೆ.

ಸಾವ್ಕಾರರು ನಕ್ಕರು! "ಅಯ್ಯ, ಎಂಥಾ ಭಕ್ತಿರೀ ನಿಮ್ದು! ಹೋಗ್ಲಿ ಬಿಡ್ರಿ."

"ಮತ್ತ ಹುಲಿಗೆಮ್ಮ?"

"ಆಕಿ ಕಾರ್ಡ್ ಬಂದ್ ಮಾಡಿಸೀನಿ. ಹೆಂಗೂ ಆಕೀನ ಕೆಲಸದಿಂದ ತೆಗಿಯೋದ ಇತ್ತು."

ಆಕೆಯ ಹೆಸರಿಗಂಟಿದಾಗ ಅಪರಾಧವಾಗಿದ್ದ ಅದೇ ಬೂದಿ ನನ್ನ ಹೆಸರಿಗೆ ಬಂದೊಡನೆ ಭಕ್ತಿಯಾಗಿಬಿಟ್ಟಿತಲ್ಲ! ಸಿಡಿದು ಹೋಗುವಷ್ಟು ಸಿಟ್ಟು ಬಂತು, ಇಂದಿಗೂ ಇಳಿದಿಲ್ಲ. ಸಿಟ್ಟು ಯಂತ್ರದ ಮೇಲಲ್ಲ; ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಿದ್ದಕ್ಕೇ ಅದು ಅಕ್ಕಿಯನ್ನು ಅಕ್ಕಿಯೆಂದು ಒಪ್ಪಿಕೊಂಡಿತು. ನಿಜ ಹೇಳಿದ ಮೇಲೂ ಹುಲಿಗೆಮ್ಮನನ್ನು ಕರಿಕಾಳಿನಂತೆ ಊದಿ ಹೊರಹಾಕಿದ ಕಣ್ಣನ್ನು ಯಾವ ಬಟ್ಟೆಯಿಂದ ಒರೆಸುವುದು? ಜಾಣ ಬಾಗಿಲೊಂದು ನೆಪವಾಯಿತು, ಅಷ್ಟೇ. ನೆಪಕ್ಕೆ ಕೈಜೋಡಿಸಿದವನು ನಾನು.

ಮುಂದಿನ ಅಮಾವಾಸ್ಯೆಗೆ ತಾಟನ್ನು ಸಾವ್ಕಾರರ ಮೇಜಿನ ಮೇಲಿಟ್ಟು, "ಈ ಸಲ ನೀವ ಹಚ್ರಿ" ಎಂದು ಹೊರಬಂದೆ. ಅಷ್ಟೇ ನನ್ನ ಪೌರುಷ. ಅದರಿಂದ ಹುಲಿಗೆಮ್ಮನ ಕಾರ್ಡಿಗೆ ಜೀವ ಬರಲಿಲ್ಲ.

ಈಗಲೂ ಮುಂಜಾನೆ ಬಟ್ಟಲಿನ ಮುಂದೆ ನಿಲ್ಲುತ್ತೇನೆ. ಆದರೆ ಬೆರಳು ಎತ್ತುವ ಮೊದಲು ಹೆಗಲ ಟವೆಲಿನಿಂದ ಕನ್ನಡಕ ಒರೆಸಿಕೊಳ್ಳುತ್ತೇನೆ. ಒರೆಸಿದಷ್ಟೂ ಒಂದು ಬೆನ್ನು ನಿಚ್ಚಳವಾಗುತ್ತದೆ: ನನಗಾಗಿ ಬಾಗಿಲು ತೆಗೆದು, ನೀರಿಗೆಂದು ನಡೆದುಹೋಗುತ್ತಿರುವ ಬೆನ್ನು.