ಮುಕ್ತಿನಾಥದಲ್ಲಿ ಕಳುವಾದ ಪಾಟ್ಲಿ

ನನ್ನ ಅಣ್ಣ ಶಿಗ್ಗಾವಿಯಲ್ಲಿ ವಕೀಲ. ತವರಿನಲ್ಲಿ ನಾವಿಬ್ಬರೇ ಮಕ್ಕಳು. ಏಕಾದಶಿ ಇಂದೋ ನಾಳೆಯೋ ಎಂಬುದರಿಂದ ಹಿಡಿದು ಮನೆಯ ಕಾಗದಪತ್ರದವರೆಗೆ ನನಗೆ ಏನೇ ಸಂಶಯ ಬಂದರೂ ಅವನನ್ನೇ ಕೇಳುತ್ತಿದ್ದೆ. ಅವನು ಹೇಳಿದ ಮೇಲೆ ಇನ್ನೊಬ್ಬರನ್ನು ಕೇಳುವ ರೂಢಿಯೇ ನನಗಿರಲಿಲ್ಲ.

ಹೋದ ವರ್ಷ ನಮ್ಮ ಕಡೆಯ ಒಂದಿಷ್ಟು ಮಂದಿ ಕೂಡಿ ನೇಪಾಳದ ಮುಕ್ತಿನಾಥಕ್ಕೆ ಹೊರಟೆವು. ಸಾಲಿಗ್ರಾಮ ಸಿಗುವ ಗಂಡಕಿ ನದಿಯ ದಾರಿ ಅದು. ಒಮ್ಮೆ ನೋಡಿ ಬರಬೇಕೆಂದು ನನಗೆ ಬಹಳ ವರ್ಷದ ಆಸೆ. ನನ್ನ ಯಜಮಾನರಿಗೆ ಮೊಣಕಾಲು ನೋವು, ಅವರು ಹಾನಗಲ್ಲಿನಲ್ಲೇ ಉಳಿದರು. ಅಣ್ಣ, ಅವನ ಹೆಂಡತಿ ವೈನಿ ಇಬ್ಬರೂ ಇದ್ದಾರಲ್ಲ ಎಂದು ನಾನು ಧೈರ್ಯವಾಗಿ ಹೋದೆ. ಟೆಂಪೋ ನನ್ನನ್ನು ಹತ್ತಿಸಿಕೊಂಡು ತಡಸ ಊರಿನ ಮೇಲಿಂದ ಹುಬ್ಬಳ್ಳಿಗೆ ಬಂತು. ಅಲ್ಲಿ ಎಲ್ಲರೂ ಕೂಡಿ ರೈಲು ಹತ್ತಿದೆವು.

ನಮ್ಮ ಗುಂಪಿನಲ್ಲಿ ಹಿರೇಕೆರೂರಿನ ಗೋವಿನಜೋಳದ ವ್ಯಾಪಾರಿಯೊಬ್ಬರಿದ್ದರು. ಶಿವಭಕ್ತರು, ಪಶುಪತಿನಾಥನ ದರ್ಶನಕ್ಕೆ ಬಂದವರು. ಸುಮ್ಮನೆ ಕೂರುವ ಜೀವವಲ್ಲ. ರೈಲಿನಲ್ಲಿ ಅಣ್ಣನನ್ನು ಕೆಣಕಿದರು.

"ವಕೀಲ್ರ, ಮ್ಯಾಲೆ ಆಕಾಶದಾಗ ಮನಿ ಮಾಡ್ಕೊಂಡು ಇರಾಕತ್ತಾರಂತಲ್ರಿ. ಅಲ್ಲಿ ಒಬ್ಬಾಂವ ಇನ್ನೊಬ್ಬನ ರೊಟ್ಟಿ ಕದ್ರ ಯಾವ ಊರ ಪೊಲೀಸ್ರು ಹೋಗಬೇಕ್ರಿ?"

ಅಣ್ಣನಿಗೆ ಇಂಥ ಪ್ರಶ್ನೆ ಎಂದರೆ ಹಬ್ಬ. ಕಾಲು ಮಡಚಿ ಸೀಟಿನ ಮೇಲೆ ಕುಳಿತ.

"ಪೊಲೀಸ್ರು ಯಾಕ ಹೋಗಬೇಕ್ರಿ? ಕದ್ದಾಂವ ಕೆಳಗ ಬರಲೇಬೇಕಲ್ಲ! ಆಕಾಶ ಯಾರದೂ ಅಲ್ಲ, ಖರೆ. ಆದ್ರ ಮನಷ್ಯಾ ಯಾವುದರೆ ದೇಶದಾಂವ ಇರ್ತಾನಲ್ಲ. ಅವನ ದೇಶದ ಕಾನೂನು ಅವನ ಬೆನ್ನಿಗೇ ಹೋಗ್ತದ. ನಮ್ಮಾಂವ ನಡುಸಮುದ್ರದಾಗ ಕದೀಲಿ, ಹಿಮದ ಗುಡ್ಡದಾಗ ಕದೀಲಿ, ಊರಿಗೆ ಬಂದ ಮ್ಯಾಲೆ ಇಲ್ಲೇ ಕೇಸ್ ನಡಸಬಹುದು."

"ಹಂಗಾರ ಚಂದ್ರನ ಮ್ಯಾಲೆ ಕದ್ದಾಂವನ್ನ ನಮ್ಮ ಹಿರೇಕೆರೂರಾಗ ಒಳಗ ಹಾಕಬಹುದು ಅನ್ರಿ!"

"ಹಾಕಬಹುದು. ಊಟಕ್ಕ ನಿಮ್ಮ ಗೋವಿನಜೋಳದ ರೊಟ್ಟಿ ಕೊಡಬಹುದು."

ರೈಲಿನ ಡಬ್ಬಿಯ ತುಂಬ ನಗು. ನಮ್ಮಣ್ಣ ಎಷ್ಟು ತಿಳಿದವನು ಎಂದು ನನಗೆ ಎದೆಯುಬ್ಬಿತು.

ನನ್ನ ಕೈಯಲ್ಲಿ ಆಗ ಎರಡು ಬಂಗಾರದ ಪಾಟ್ಲಿ ಇದ್ದವು. ಅವ್ವನವು. ಸವಣೂರಿನ ಪತ್ತಾರ ಮಾಡಿದ ಹಳೆಯ ಕಾಲದ ಅಗಲ ಬಳೆಗಳು. ಅವ್ವ ಕಡೆಗಾಲದಲ್ಲಿ ತನ್ನ ಕೈಯಿಂದ ತೆಗೆದು ನನ್ನ ಕೈಗೆ ಹಾಕಿದ್ದಳು. ಅವಳನ್ನು ಎತ್ತಿ ಕೂರಿಸಿ ಉಣಿಸಿದವರು ಮಾತ್ರ ವೈನಿ. ಅದನ್ನು ನಾನು ಇಲ್ಲ ಎನ್ನಲಾರೆ. ಒಂದು ಪಾಟ್ಲಿ ನನಗೆ ಕೊಡಿರಿ ಎಂದು ಅವರು ಬಾಯಿಬಿಟ್ಟು ಕೇಳಿದ್ದರೆ ನಾನು ಮುಖ ಸಣ್ಣದು ಮಾಡಿಯಾದರೂ ಕೊಡುತ್ತಿದ್ದೆ.

ಮುಕ್ತಿನಾಥದಲ್ಲಿ ಗೋಡೆಯುದ್ದಕ್ಕೂ ಗೋಮುಖಗಳು. ಅವುಗಳ ಹಿಮದ ನೀರಿಗೆಲ್ಲ ತಲೆಯೊಡ್ಡಿ, ಆಮೇಲೆ ಕುಂಡದಲ್ಲಿ ಮುಳುಗಿ, ಮಡಿಯಲ್ಲಿ ದರ್ಶನಕ್ಕೆ ಹೋಗಬೇಕು. ಸ್ನಾನಕ್ಕೆ ಮೊದಲು ವೈನಿ ನನ್ನ ಕಿವಿಯಲ್ಲಿ, "ನಾ ಹೊರಗ ಆಗೇನಿರಿ. ನೀವೆಲ್ಲಾ ಹೋಗಿ ಬರ್ರಿ, ನಾ ಸಾಮಾನು ನೋಡ್ಕೋತ ಕೂಡ್ತೇನಿ" ಎಂದರು. ಇಷ್ಟು ದೂರ ಬಂದು ದರ್ಶನ ತಪ್ಪಿತಲ್ಲ ಎಂದು ನನ್ನ ಕಣ್ಣಲ್ಲಿ ನೀರು ಬಂತು. ಥಂಡಿಗೆ ಕೈ ಸೊರಗಿ ಪಾಟ್ಲಿ ಸಡಿಲಾಗಿದ್ದವು. ಕುಂಡದಲ್ಲಿ ಜಾರಿಬಿದ್ದರೆ ಯಾರು ತೆಗೆಯಬೇಕು? ಅರಿವೆಯ ಸಂಚಿಯಲ್ಲಿ ಅವನ್ನು ಕಟ್ಟಿ, ನನ್ನ ಚೀಲದಲ್ಲಿಟ್ಟು, ಅವರಿಂದ ಮಾರು ದೂರದ ಕಲ್ಲಿನ ಮೇಲೆ ಚೀಲ ಇಟ್ಟುಹೋದೆ.

ದರ್ಶನ ಚೆನ್ನಾಗಿ ಆಯಿತು. ಅಷ್ಟು ಎತ್ತರದಲ್ಲೂ ಉಸಿರು ಕಟ್ಟಲಿಲ್ಲ, ಕಾಲು ಸೋಲಲಿಲ್ಲ. ಅದು ದೇವರ ದಯೆಯೇ. ಬಂದು ನೋಡಿದರೆ ಚೀಲ ಇದೆ, ಸಂಚಿ ಇಲ್ಲ.

"ನಾ ಕಣ್ಣ ಕೀಳಲಿಲ್ಲರಿ, ಯಾರೂ ಇತ್ಲಾಗ ಹಾಯಲಿಲ್ಲ" ಎಂದು ವೈನಿ ಅಳುತ್ತ ಕುಳಿತರು.

ಎಲ್ಲರೂ ತಾವಾಗಿಯೇ ತಮ್ಮ ಚೀಲ ಬಿಚ್ಚಿದರು. ವ್ಯಾಪಾರಿಯಂತೂ ಕಂಬಳಿ ಝಾಡಿಸಿ, ಕಿಸೆ ಹೊರಗೆಳೆದು ತೋರಿಸಿದರು. ಆಮೇಲೆ ವೈನಿಯ ಚೀಲದ ಕಡೆ ನೋಡಿದರು. ಅಣ್ಣ ತಟ್ಟನೆ, "ಆಕಿ ಹೊರಗಿದ್ದಾಳ್ರಿ. ಇವರೆಲ್ಲಾ ಮಡಿಯೊಳಗಿದ್ದಾರ, ಇನ್ನೂ ನೈವೇದ್ಯ ಆಗಬೇಕು. ಅದನ್ನ ಮುಟ್ಟೋದು ಬ್ಯಾಡ" ಎಂದ. ಬ್ಯಾಡ ಬ್ಯಾಡ ಎಂದು ನಾವು ಹೆಂಗಸರೂ ಹೇಳಿದೆವು. ಅಲ್ಲಿಯ ಪೊಲೀಸರ ಹತ್ತಿರ ಹೋಗೋಣವೆಂದರೆ, "ಪರದೇಶ, ಭಾಷಾ ಬರಂಗಿಲ್ಲ, ಜೀಪು ತಪ್ಪತದ. ಊರಿಗೆ ಹೋಗೂಣು, ನಾ ನೋಡ್ಕೋತೇನಿ" ಎಂದ. ಅವನು ನೋಡಿಕೊಳ್ಳುತ್ತಾನೆ ಎಂದ ಮೇಲೆ ನಾನು ಅಳು ನಿಲ್ಲಿಸಿದೆ.

ಮರುದಿನ ಪೋಖರಾದಲ್ಲಿ ಒಂದು ದೇವಿಯ ಗುಡಿ. ಮಂಗಳಾರತಿಗೆ ಗಂಟೆ ಬಾರಿಸಿದಾಗ ಪಕ್ಕದಲ್ಲಿ ತಲೆಗೆ ಎರಕೊಂಡ ಒದ್ದೆ ಕೂದಲು. ತಿರುಗಿ ನೋಡಿದರೆ ವೈನಿ. ನಾಲ್ಕನೆಯ ದಿನದ ನೀರಾಗದೆ ದೇವರ ಮನೆಯ ಹೊಸ್ತಿಲ ಕಡೆ ಮುಖ ಮಾಡದವರು, ಎಲ್ಲರಿಗಿಂತ ಮುಂದೆ ನಿಂತು ತೀರ್ಥಕ್ಕೆ ಕೈಯೊಡ್ಡಿದ್ದರು.

"ವೈನಿ, ಇಷ್ಟು ಲಗೂ?" ಎಂದೆ ಮೆಲ್ಲಗೆ.

"ಅದು ಬರೇ ಅನುಮಾನ ಇತ್ತರಿ. ಥಂಡಿಗೆ ಹೊಟ್ಟಿ ನೋಯ್ತಿತ್ತು" ಎಂದರು. ನನ್ನ ಮುಖ ನೋಡಲಿಲ್ಲ.

ನಾನು ಅಣ್ಣನ ಕಡೆ ನೋಡಿದೆ. ಅವನು ಅಂಗೈಯ ತೀರ್ಥವನ್ನು ಕುಡಿಯದೆ ಹಾಗೇ ಹಿಡಿದು ನಿಂತಿದ್ದ, ಬೆರಳ ಸಂದಿಯಿಂದ ಸೋರುತ್ತಿತ್ತು. ಯಾರೂ ಮುಟ್ಟಬಾರದ ಚೀಲ ವೈನಿಗೆ ಯಾಕೆ ಬೇಕಾಗಿತ್ತು ಎಂಬುದು ನನಗೆ ಅಲ್ಲೇ ಹೊಳೆಯಿತು. ಅವನಿಗೂ ಹೊಳೆದಿತ್ತು. ಹಿಂದಿನ ದಿನವೇ ಗೊತ್ತಿತ್ತೋ ಏನೋ, ಅದನ್ನು ಇವತ್ತಿಗೂ ಅರಿಯೆ.

ಊರಿಗೆ ಬಂದು, ಅವನೇ ಬಾಯಿಬಿಡಲಿ ಎಂದು ಕಾದೆ. ದಿನ ಹೋದವು. ಫೋನಿನಲ್ಲಿ ಯಜಮಾನರ ಮೊಣಕಾಲಿನ ಔಷಧ, ಮಳೆ, ನನ್ನ ಮಗಳ ಪರೀಕ್ಷೆ ಎಲ್ಲ ಕೇಳುತ್ತಿದ್ದ, ಪಾಟ್ಲಿಯ ಮಾತಿಲ್ಲ. ಕಡೆಗೆ ಒಂದು ಮುಂಜಾನೆ ಬಸ್ಸು ಹತ್ತಿ ಶಿಗ್ಗಾವಿಗೆ ಹೋದೆ. ವೈನಿ ಚಹಾ ತಂದಿಟ್ಟು ಒಳಗೆ ಹೋದರು. ಒಳಗಿನ ಪಾತ್ರೆಯ ಸಪ್ಪಳ ನಿಂತಿತು.

"ಅಣ್ಣಾ, ಪಾಟ್ಲಿ ವೈನಿ ತೊಗೊಂಡಾರೇನು?" ಎಂದೆ.

ಅವನು ಕನ್ನಡಕ ತೆಗೆದ. "ತಂಗಿ, ಆದದ್ದು ಪರದೇಶದಾಗ. ಇಲ್ಲಿ ಕೇಸ್ ನಿಲ್ಲೂದಿಲ್ಲ."

"ನಾ ಕೇಸ್ ಕೇಳಲಿಲ್ಲ."

"ಅಲ್ಲಿ ಪೊಲೀಸ್ರು ಬ್ಯಾರೆ, ಕೋರ್ಟ್ ಬ್ಯಾರೆ. ಇಲ್ಲಿಯವರಿಗೆ ಅಧಿಕಾರ ಎಲ್ಲದ?"

"ಮತ್ತ ರೈಲಿನಾಗ ಏನ ಹೇಳಿದಿ? ಆಕಾಶದಾಗ ಕದ್ರೂ ಕಾನೂನು ಬೆನ್ನಿಗಿರ್ತದ ಅಂದಿ."

"ಅದು ಮಾತಿಗೆ ಹೇಳಿದ್ದು. ವಿಚಾರಣಾ ನಡೀಬೇಕಂದ್ರ ದಿಲ್ಲಿ ಸರ್ಕಾರದ ಪರವಾನಗಿ ಬೇಕಾಗ್ತದ. ಎರಡು ಬಳಿ ಸಲುವಾಗಿ ದಿಲ್ಲಿಗೆ ಬರಿಯೋರು ಯಾರು?" ದನಿ ಇಳಿಸಿದ. "ಆಕಿ ಅವ್ವನ ಸೇವಾ ಎಷ್ಟು ಮಾಡ್ಯಾಳ ನಿನಗೂ ಗೊತ್ತದ. ದೇವರಿಗೆ ಬಿಟ್ಟುಬಿಡು."

ಕೋರ್ಟು, ಕಚೇರಿಗಳ ಮಾತು ನನಗೆ ತಿಳಿಯುವುದಿಲ್ಲ. ಆದರೆ ಅಣ್ಣನ ಮಾತು ಸಣ್ಣಂದಿನಿಂದ ತಿಳಿಯುತ್ತದೆ. ಆಕಿ ತೊಗೊಂಡಿಲ್ಲ ಎಂದು ಅವನು ಒಂದು ಸಲವೂ ಹೇಳಲಿಲ್ಲ. ಹೇಳಿದ್ದರೆ, ಸುಳ್ಳೇ ಆಗಿದ್ದರೂ ನಂಬಿ ಬಸ್ಸು ಹತ್ತುತ್ತಿದ್ದೆ. ಅವನು ಹೇಳಿದ್ದು, ನಿನಗೆ ಇಲ್ಲಿ ಕೇಳುವ ಹಕ್ಕಿಲ್ಲ ಎಂದು. ನನ್ನ ಜೊತೆ ಅಷ್ಟು ದೂರ ಬಂದವನು ನನ್ನನ್ನು ಗಡಿಯ ಆಚೆಗೇ ಬಿಟ್ಟು ಬಂದಿದ್ದ.

"ದೇವರ ಪೂಜಾ ನಾನೂ ದಿನಾ ಮಾಡ್ತೇನಿ ಅಣ್ಣಾ" ಎಂದೆ. "ನಿನಗ ಬ್ಯಾಡಾದ ಕೇಸ್ ಎಲ್ಲಾ ಅವನ ಕಡೆ ಕಳಸಬ್ಯಾಡ. ಅಂವಾ ಪೊಲೀಸ್ ಅಲ್ಲ."

ಚಹಾ ಕುಡಿಯದೆ ಎದ್ದೆ. ಅಣ್ಣ ಬಾಗಿಲ ತನಕ ಬಂದು, "ಕುಂಕುಮ ಹಚ್ಚಿಸ್ಕೊಂಡು ಹೋಗು" ಎಂದ. ಒಳಗಿನಿಂದ ಯಾರೂ ಬರಲಿಲ್ಲ.

ಯಜಮಾನರಿಗೆ ಎಲ್ಲ ಹೇಳಿದೆ. ಮೊದಲೇ ಹೇಳಿರಲಿಲ್ಲವೆ ಎಂದು ಅವರು ಚುಚ್ಚಲಿಲ್ಲ, ಅದೊಂದು ಪುಣ್ಯ. "ದೂರು ಕೊಟ್ರ ತವರು ಹೋಗ್ತದ, ವಿಚಾರ ಮಾಡು" ಎಂದಷ್ಟೇ ಅಂದರು. ವಿಚಾರ ಮಾಡಿದೆ. ಒಂದು ವಾರ ಹಿಂದೆ ಮುಂದೆ ನೋಡಿದೆ. ಬಳೆ ಬಾರದಿದ್ದರೂ ಅಡ್ಡಿಯಿಲ್ಲ, ಆದರೆ ಆದದ್ದು ಆಗಿಯೇ ಇಲ್ಲ ಎಂಬಂತೆ ಹಬ್ಬಕ್ಕೆ ತವರಿಗೆ ಹೋಗಿ ವೈನಿಯ ಕೈಯಿಂದ ಉಡಿ ತುಂಬಿಸಿಕೊಳ್ಳುವುದು ನನ್ನಿಂದ ಆಗದು ಅನ್ನಿಸಿತು. ಇಬ್ಬರೂ ಠಾಣೆಗೆ ಹೋದೆವು. ಕುರ್ಚಿ ಕೊಟ್ಟು ಕೂರಿಸಿದರು, ಪೂರ್ತಿ ಕೇಳಿದರು, ಬರೆದುಕೊಂಡರು. "ಮುಂದಿನದು ಮ್ಯಾಲಿಂದ ಒಪ್ಪಿಗೆ ಬರಬೇಕ್ರಿ ಅವ್ವಾರ, ತಡ ಆಕ್ಕೈತಿ" ಎಂದರು. ತಡವಾಗಲಿ ಎಂದೆ. ಸಂಶಯ ಯಾರ ಮೇಲೆ ಎಂದು ಕೇಳಿದಾಗ ವೈನಿಯ ಹೆಸರು ಹೇಳಿದೆ. ಅವರು ನಿಮಗೇನಾಗಬೇಕು ಎಂದು ಪೊಲೀಸರು ಕೇಳಿದರು. ನನ್ನ ಅಣ್ಣನ ಹೆಂಡತಿ ಎಂದು ಬರೆಸಿದೆ.

ಶ್ರಾವಣ ಬಂತು. ನಾಗಪಂಚಮಿಗೆ ತವರಿಗೆ ಕರೆಯಲು ಪ್ರತಿ ವರ್ಷ ಬರುವ ಅಣ್ಣ ಈ ಸಲ ಬರಲಿಲ್ಲ. ಹೊರಗೆ ಕಾರು ನಿಂತ ಸಪ್ಪಳಕ್ಕೆ ಉಂಡಿ ಕಟ್ಟುವುದನ್ನು ಬಿಟ್ಟು ಬಾಗಿಲಿಗೆ ಹೋದೆ, ಅದು ಪಕ್ಕದ ಮನೆಯವರ ಕಾರು. ಮರುದಿನ ನಾಗಪ್ಪನಿಗೆ ಹಾಲೆರೆಯಲು ಕುಳಿತೆ. ನಮ್ಮಲ್ಲಿ ಒಬ್ಬೊಬ್ಬರ ಹೆಸರಿನಲ್ಲಿ ಹಾಲು ಹಾಕುವುದು ಪದ್ಧತಿ. ದೇವರ ಪಾಲು, ಗುರುಗಳ ಪಾಲು, ಅಪ್ಪನ ಪಾಲು, ಅವ್ವನ ಪಾಲು ಎನ್ನುತ್ತ ಬಂದೆ. ಮುಂದಿನದು ಬಾಯಲ್ಲೇ ನಿಂತಿತು. ಹಿಂದೆ ಕುರ್ಚಿಯಲ್ಲಿ ಯಜಮಾನರು, ಪಕ್ಕದಲ್ಲಿ ಮಗಳು.

ಅಣ್ಣನ ಪಾಲು ಎಂದು ಹಾಕಿದೆ. ಅಣ್ಣ ಅಣ್ಣನೇ. ವೈನಿಯ ಪಾಲು ಎನ್ನಲು ನಾಲಿಗೆ ಏಳಲಿಲ್ಲ. ಉಳಿದ ಹಾಲನ್ನು ಮಗಳ ಕೈಗೆ ಕೊಟ್ಟು ಎದ್ದೆ. ದೂರನ್ನು ನಾನು ಇನ್ನೂ ಹಿಂದಕ್ಕೆ ತೆಗೆದುಕೊಂಡಿಲ್ಲ.