ಬೆನ್ನಣ್ಣ

ನಮ್ಮ ಬೆನ್ನಣ್ಣನ ಮುಖ ಯಾವ ಸಿನಿಮಾದಲ್ಲೂ ಕಾಣುವುದಿಲ್ಲ. ಹೀರೋ ಬೆನ್ನು ತಿರುಗಿಸಿ ನಿಂತನೆಂದರೆ ಅದು ಇವನೇ. “ಮುಖದಲ್ಲಿ ಯಾರ್ ಬೇಕಾದ್ರೂ ಅಳ್ತಾರೆ, ಬೆನ್ನಲ್ಲಿ ಅಳಲಿ ನೋಡೋಣ!” ಎಂದು ಬೀಗುತ್ತಾನೆ. ಕೋಪಕ್ಕೆ ಕತ್ತು ಬಿಗಿಯುತ್ತಾನೆ, ಪ್ರೀತಿಗೆ ಭುಜ ಸಡಿಲಿಸುತ್ತಾನೆ, ಸುಳ್ಳು ಹೇಳುವ ಹೀರೋ ಆದರೆ ಹಿಮ್ಮಡಿಯಲ್ಲೇ ತಡವರಿಸುತ್ತಾನೆ. ಮನೆಯಲ್ಲೂ ಗೋಡೆಗೆ ಮುಖ ಮಾಡಿಕೊಂಡೇ ಅಭ್ಯಾಸ. “ರೀ, ಜಗಳಕ್ಕಾದ್ರೂ ಈ ಕಡೆ ತಿರುಗ್ರೀ” ಎಂದು ಹೆಂಡತಿ ಗೊಣಗುತ್ತಾಳೆ. ಹೋದ ವರ್ಷ ಅವನಪ್ಪ ತೀರಿಕೊಂಡಾಗ ಇವನು ಒಂದು ಹನಿ ಕಣ್ಣೀರು ಹಾಕಲಿಲ್ಲ. ಕಲ್ಲುಮನಸ್ಸಿನವನು ಎಂದು ನೆಂಟರೆಲ್ಲ ಆಡಿಕೊಂಡರು. ಮೊನ್ನೆ ಅವನಮ್ಮನನ್ನೂ ಕರೆದುಕೊಂಡು ಹೊಸ ಸಿನಿಮಾಕ್ಕೆ ಹೋಗಿದ್ದೆವು. ಪರದೆಯ ಮೇಲೆ, ಸತ್ತ ತಂದೆಯ ಖಾಲಿ ಕುರ್ಚಿಯ ಮುಂದೆ ಹೀರೋನ ಬೆನ್ನು ಮೆಲ್ಲಗೆ ಕುಸಿಯಿತು. ಜನರೆಲ್ಲ ಹೀರೋಗೆ ಚಪ್ಪಾಳೆ ತಟ್ಟಿದರು. ಅಮ್ಮ ಮಾತ್ರ ಪಕ್ಕದಲ್ಲಿ ಕೂತ ಮಗನ ಬೆನ್ನು ಸವರುತ್ತಾ, “ಅಂತೂ ಅತ್ತುಬಿಟ್ಯಲ್ಲೋ, ಮಗಾ” ಎಂದರು.